ಎರಡನೆಯ ಮಗುವಿನ ಸಾಲು

ಹೆರಿಗೆ ಆಸ್ಪತ್ರೆಯ ಮೆಟ್ಟಿಲ ಕೆಳಗೆ ಒಂದು ಮೇಜು, ಒಂದು ಕಂಪ್ಯೂಟರು, ಒಂದು ಫೋನು. ಆ ಮೇಜಿನ ಹಿಂದೆ ಒಂಬತ್ತು ವರ್ಷದಿಂದ ಕೂತವಳಿಗೆ ಹೆತ್ತವರು ಇಟ್ಟ ಹೆಸರು ಏನೇ ಇರಲಿ, ಆಸ್ಪತ್ರೆಯವರೆಲ್ಲ ಅವಳನ್ನು ಕಿವಿಯಕ್ಕ ಎಂದೇ ಕರೆಯುತ್ತಿದ್ದರು. ಅಲ್ಲಿ ಹುಟ್ಟಿದ ಕೂಸು ಮನೆಗೆ ಹೋಗುವ ಮುಂಚೆ ಅದರ ಕಿವಿಗೆ ಮೆತ್ತನೆಯ ರಬ್ಬರಿನ ತುದಿಯೊಂದನ್ನು ಇಟ್ಟು, ಇರುವೆ ಕೆಮ್ಮಿದಷ್ಟು ಸಣ್ಣ ಸದ್ದು ಕಳಿಸುತ್ತಾರೆ. ಕಿವಿ ಉತ್ತರ ಕೊಟ್ಟರೆ ಯಂತ್ರದಲ್ಲಿ ಹಸಿರು, ಕೊಡದಿದ್ದರೆ ಕೆಂಪು. ಕೆಂಪು ಬಂದ ಕೂಸುಗಳೆಲ್ಲ ಕಿವಿಯಕ್ಕನ ಪಟ್ಟಿಯಲ್ಲಿ ಒಂದೊಂದು ಸಾಲಾಗಿ ಬಂದು ಕೂರುತ್ತವೆ. ಆರು ವಾರದಲ್ಲಿ ಅವನ್ನು ಮತ್ತೆ ಕರೆಸಬೇಕು. ಮತ್ತೂ ಕೆಂಪಾದರೆ ದೊಡ್ಡ ಪರೀಕ್ಷೆಗೆ ಕಳಿಸಬೇಕು. ಆರು ತಿಂಗಳು ತುಂಬುವುದರೊಳಗೆ ಕಿವಿಗೆ ಯಂತ್ರ ಹಾಕಿಸಬೇಕು. ಅಷ್ಟರಲ್ಲಿ ಆದರೆ ಮಗು ಮಾತು ಕಲಿಯುತ್ತದೆ. ತಡವಾದಷ್ಟೂ ಮಾತಿನ ಮನೆ ಒಂದೊಂದೇ ಬಾಗಿಲು ಮುಚ್ಚಿಕೊಳ್ಳುತ್ತಾ ಹೋಗುತ್ತದೆ, ಕೊನೆಗೆ ದೀಪವನ್ನೂ ಆರಿಸಿಬಿಡುತ್ತದೆ.

ಹಾಗಾಗಿ ಕಿವಿಯಕ್ಕ ದಿನವಿಡೀ ಫೋನಿನಲ್ಲಿ ತಾಯಂದಿರನ್ನು ಬೆನ್ನಟ್ಟುತ್ತಿದ್ದಳು.

“ಹೊಟ್ಟೆ ತುಂಬ ಹಾಲು ಕುಡಿಸಿ, ನಿದ್ದೆ ಹತ್ತಿಸಿ ಕರ್ಕೊಂಡ್ಬನ್ನಿ ತಾಯಿ. ಮಲಗಿದ ಮಗೂಗೆ ಮಾತ್ರ ಪರೀಕ್ಷೆ ಆಗೋದು.”

“ಅದಕ್ಕೆ ಕೇಳ್ಸುತ್ತೆ ಕಣಕ್ಕಾ! ಚಪ್ಪಾಳೆ ತಟ್ಟಿದ್ರೆ ತಿರುಗಿ ನೋಡುತ್ತೆ.”

“ಚಪ್ಪಾಳೆ ಪರೀಕ್ಷೆ ಅಲ್ಲಮ್ಮ. ಕೈ ಬೀಸಿದ ಗಾಳಿಗೂ ತಿರುಗುತ್ತೆ, ನೆರಳಿಗೂ ತಿರುಗುತ್ತೆ. ನಾಳೆ ಬಂದ್ಬಿಡಿ.”

“ನಮ್ಮತ್ತೆ ಬೇಡ ಅಂತಾರೆ. ಎಷ್ಟು ಹೇಳಿದ್ರೂ ಕೇಳೋದೇ ಇಲ್ಲ.”

“ಹಂಗಾದ್ರೆ ಅವರನ್ನೂ ಕರ್ಕೊಂಡ್ಬನ್ನಿ. ಅವರ ಕಿವೀನೂ ಒಂದ್ಸಲ ನೋಡೇಬಿಡೋಣ.”

ಆ ಕಡೆ ನಗು ಬರುತ್ತಿತ್ತು, ಮಾರನೆಯ ದಿನ ಮಗು ಬರುತ್ತಿತ್ತು. ಕೆಲವು ಸಲ ಬರುತ್ತಿರಲಿಲ್ಲ. ಮೂರು ಸಲ ಫೋನು ಮಾಡಿಯೂ ಯಾರೂ ಎತ್ತದಿದ್ದರೆ ಸಾಲನ್ನು ಮುಚ್ಚಬಹುದೆಂದು ನಿಯಮವಿತ್ತು. ಮುಚ್ಚಿದ ಸಾಲು ಬೂದಿ ಬಣ್ಣಕ್ಕೆ ತಿರುಗಿ, ಪಟ್ಟಿಯ ತಳಕ್ಕೆ ಹೋಗಿ ಮಲಗುತ್ತಿತ್ತು.

ಅವಳ ಮೇಲಧಿಕಾರಿಗೆ ಕೆಂಪು ಬಣ್ಣವನ್ನು ಕಂಡರೆ ಆಗುತ್ತಿರಲಿಲ್ಲ. ತಿಂಗಳ ಕೊನೆಯ ದಿನ ಒಂದು ಕೆಂಪು ಸಾಲೂ ಉಳಿಯಬಾರದು. “ನೂರಕ್ಕೆ ನೂರು ಆಗ್ಬೇಕು ಕಣಮ್ಮ, ತೊಂಬತ್ತೊಂಬತ್ತು ಅಂದ್ರೆ ಸೊನ್ನೆ,” ಎನ್ನುತ್ತಿದ್ದರು. ಮೇಲಿನವರು ಕೊಟ್ಟ ಪ್ರಶಸ್ತಿ ಪತ್ರಗಳನ್ನು ಕಟ್ಟು ಹಾಕಿಸಿ ಗೋಡೆಗೆ ತೂಗಿದ್ದರು. ಆಯಾಗಳು ಅವರಿಗೆ ನೂರಕ್ಕೆನೂರು ಸಾಹೇಬರು ಎಂದೇ ಹೆಸರಿಟ್ಟಿದ್ದರು.

ಕಿವಿಯಕ್ಕನಿಗೆ ಮದುವೆಯಾಗಿ, ಮುರಿದು, ಅದೂ ಹಳೆಯ ಮಾತಾಗಿತ್ತು. ಮಕ್ಕಳಿಲ್ಲ. ತನ್ನ ಮನೆಯಿಂದ ಎರಡು ಬೀದಿ ಆಚೆಗಿದ್ದ ತಂಗಿಯ ಮನೆಯೇ ಅವಳಿಗೆ ಸಂಜೆ, ಅದೇ ಭಾನುವಾರ. ಆ ತಂಗಿಗೆ ಅವಳಿಜವಳಿ ಹೆಣ್ಣುಮಕ್ಕಳು ಹುಟ್ಟಿದಾಗ ಕಿವಿಯಕ್ಕ ಎರಡು ದಿನ ಪಟ್ಟಿ ಗಿಟ್ಟಿ ಎಲ್ಲ ಮರೆತು ವಾರ್ಡಿನಲ್ಲೇ ಕೂತಿದ್ದಳು. ಒಂದೇ ಅಚ್ಚಿನಲ್ಲಿ ತೆಗೆದ ಎರಡು ಬೊಂಬೆಗಳು. ಹನ್ನೊಂದು ನಿಮಿಷ ತಡವಾಗಿ ಬಂದವಳಿಗೆ ಚಿಕ್ಕಿ ಎಂದು ಕರೆದವಳು ಅವಳೇ. ಎಡಗಿವಿಯ ಹಿಂದೆ ಚಿಕ್ಕಿಗೆ ಎಳ್ಳುಕಾಳಿನಷ್ಟು ಕಪ್ಪು ಮಚ್ಚೆಯಿದೆ, ಅಕ್ಕನಿಗಿಲ್ಲ ಎಂದು ಮೊದಲು ಕಂಡುಹಿಡಿದವಳೂ ಅವಳೇ. ದೊಡ್ಡಮ್ಮನ ಕಣ್ಣಿಗೆ ಬಿದ್ದ ಗುಟ್ಟು ಅದು. ಬಾಣಂತಿಗೆ ಹೇಳಲು ಹೋದರೆ ನಿದ್ದೆಗಣ್ಣಲ್ಲಿ ಹೂಂಗುಟ್ಟಿ ಮಗ್ಗುಲಾಗಿದ್ದಳು.

ಮೂರನೆಯ ದಿನ ಯಂತ್ರ ಬಂತು. ಮೊದಲನೆಯ ಮಗು, ಎರಡೂ ಕಿವಿ ಹಸಿರು. ಎರಡನೆಯ ಮಗು, ಎರಡೂ ಕಿವಿ ಕೆಂಪು.

“ಕಿವೀಲಿ ನೀರಿರುತ್ತೆ, ಹತ್ತರಲ್ಲಿ ಒಂಬತ್ತು ಸಲ ಆಮೇಲೆ ಸರಿಹೋಗುತ್ತೆ,” ಎಂದು ತಂಗಿಗೆ ಧೈರ್ಯ ಹೇಳಿ, ಕಿವಿಯಕ್ಕ ತನ್ನ ಮೇಜಿಗೆ ಬಂದು ತನ್ನ ಕೈಯಾರೆ ಆ ಸಾಲನ್ನು ತುಂಬಿದಳು. ಎರಡನೆಯ ಮಗು. ಮರುಪರೀಕ್ಷೆ.

ಆರನೆಯ ವಾರ ತುಂಬಿದ ದಿನವೇ ತಿಂಗಳ ಕೊನೆಯ ದಿನ. ತಂಗಿಗೆ ಎರಡು ದಿನದಿಂದ ಚಳಿಜ್ವರ. ಪಟ್ಟಿಯಲ್ಲಿ ಉಳಿದಿದ್ದ ಒಂದೇ ಒಂದು ಕೆಂಪು ಸಾಲು ಚಿಕ್ಕಿಯದು. ನೂರಕ್ಕೆನೂರು ಸಾಹೇಬರು ಬೆಳಿಗ್ಗೆಯಿಂದ ಎರಡು ಸಲ ಮೆಟ್ಟಿಲಿಳಿದು ಬಂದು, “ಊರಿನ ಮಕ್ಕಳೆಲ್ಲ ಬಂದಾಯ್ತು, ನಿಮ್ಮನೇದೇ ಬರ್ಲಿಲ್ಲ. ದೀಪದ ಬುಡದಲ್ಲೇ ಕತ್ತಲೆ ಅಂತಾರಲ್ಲ, ಹಂಗಾಯ್ತು,” ಎಂದು ಚುಚ್ಚಿ ಹೋಗಿದ್ದರು. ಪರೀಕ್ಷೆ ಮಾಡುವ ಹುಡುಗಿ ಒಂದು ಗಂಟೆಗೆ ಬೀಗ ಹಾಕಿ ಇನ್ನೊಂದು ಆಸ್ಪತ್ರೆಗೆ ಹೊರಡುವವಳು. ಹನ್ನೆರಡಕ್ಕೆ ಕಿವಿಯಕ್ಕ ತಂಗಿಯ ಮನೆಗೆ ಓಡಿದಳು.

ತೊಟ್ಟಿಲಲ್ಲಿ ಒಂದು ಕೂಸು ಮನೆಯ ಹೆಂಚು ಹಾರುವ ಹಾಗೆ ಅಳುತ್ತಿತ್ತು, ಇನ್ನೊಂದು ಸಕ್ಕರೆ ನಿದ್ದೆಯಲ್ಲಿತ್ತು. ಚಿಕ್ಕಿಗೆ ಹಳದಿ ಬಟ್ಟೆ, ಅಕ್ಕನಿಗೆ ನೀಲಿ ಬಟ್ಟೆ ಸುತ್ತುವುದು ಆ ಮನೆಯ ಗುರುತು. ಮಲಗಿದ್ದ ಕೂಸಿಗೆ ಹಳದಿ ಬಟ್ಟೆಯಿತ್ತು.

“ಇದೇ ಕಣೇ ನಿನ್ನ ಚಿಕ್ಕಿ. ಒಳ್ಳೆ ಗಳಿಗೇಲಿ ಬಂದೆ, ಈಗ ತಾನೆ ನಿದ್ದೆ ಹತ್ತಿದೆ,” ಎಂದು ತಂಗಿಯ ಅತ್ತೆ ಕೂಸನ್ನು ಅವಳ ಕೈಗಿಟ್ಟರು. ಬೆಳಿಗ್ಗೆ ಎರಡೂ ಕೂಸುಗಳು ಬಟ್ಟೆ ಒದ್ದೆ ಮಾಡಿಕೊಂಡಿದ್ದವು, ಒಗೆದು ಒಣಗಿದ್ದರಲ್ಲಿ ಕೈಗೆ ಸಿಕ್ಕಿದ್ದನ್ನು ಸಿಕ್ಕಿದ ಮಗುವಿಗೆ ಸುತ್ತಿದ್ದರು ಎಂಬುದು ಆ ಮುದುಕಿಗೆ ನೆನಪಿರಲಿಲ್ಲ. ಕಿವಿಯಕ್ಕ ಕೇಳಲೂ ಇಲ್ಲ. ಕೂಸನ್ನು ಎದೆಗವಚಿಕೊಂಡು ಬಸ್ಸು ಹತ್ತಿದಳು.

ಪರೀಕ್ಷೆಯ ಕೋಣೆಯಲ್ಲಿ ಬಲಗಿವಿ ಹಸಿರಾಯಿತು. ಹುಡುಗಿ ಕೂಸನ್ನು ಮೆಲ್ಲಗೆ ಹೊರಳಿಸಿ ಎಡಗಿವಿಗೆ ತುದಿ ಇಟ್ಟಳು. ಕಿವಿಯ ಹಿಂದಿನ ಚರ್ಮ ಹಾಲಿನ ಕೆನೆಯ ಹಾಗೆ ನುಣ್ಣಗಿತ್ತು. ಎಳ್ಳುಕಾಳು ಇರಲಿಲ್ಲ.

ಅಜ್ಜಿ ಕಥೆಗಳಲ್ಲಿ ಅದಲುಬದಲಾದ ಕೂಸನ್ನು ಮಚ್ಚೆ ನೋಡಿಯೇ ಗುರುತು ಹಿಡಿಯುವುದು. ಹನ್ನೆರಡು ವರ್ಷ ಕಾಡಿನಲ್ಲಿ ಬೆಳೆದರೂ, ಮೈಯೆಲ್ಲ ಬೂದಿ ಬಳಿದುಕೊಂಡರೂ, ಭುಜದ ಮೇಲಿನ ಒಂದು ಮಚ್ಚೆ ಕಂಡೊಡನೆ ರಾಣಿ ಸಿಂಹಾಸನದಿಂದ ಇಳಿದು ಓಡಿ ಬಂದು ಅಪ್ಪಿಕೊಳ್ಳುತ್ತಾಳೆ. ಇಲ್ಲಿ ದೊಡ್ಡಮ್ಮನೊಬ್ಬಳು ಮಚ್ಚೆ ಇಲ್ಲದ ಜಾಗವನ್ನು ಕಣ್ಣಾರೆ ಕಂಡು ಕುರ್ಚಿಯಿಂದ ಏಳಲಿಲ್ಲ.

“ಎರಡೂ ಹಸಿರು ಅಕ್ಕಾ!” ಎಂದು ಹುಡುಗಿ ನಕ್ಕಳು. “ಬೇಗ ಸಹಿ ಹಾಕಿ, ನಂಗೆ ಬಸ್ ತಪ್ಪುತ್ತೆ.”

ಗೋಡೆ ಗಡಿಯಾರದಲ್ಲಿ ಒಂದಕ್ಕೆ ಹತ್ತು ನಿಮಿಷವಿತ್ತು. ಕಿವಿಯಕ್ಕನ ತಲೆಯಲ್ಲಿ ಮಾತುಗಳು ತಾವಾಗಿಯೇ ಸಾಲುಗಟ್ಟಿದವು. ಮಚ್ಚೆ ಬಲಗಿವಿಯ ಹಿಂದೆ ಇದ್ದಿರಬಹುದು. ಎಳೆ ಕೂಸಿನ ಮಚ್ಚೆ ಮಾಸಲೂಬಹುದು. ನಾಳೆ ಹೋಗಿ ನೋಡಿದರಾಯಿತು, ಬೇರೆಯಾಗಿದ್ದರೆ ಇನ್ನೊಂದು ದಿನ ತಂದರಾಯಿತು. ಸಹಿ ಹಾಕಿದಳು. ಮೆಟ್ಟಿಲ ಕೆಳಗೆ ಬಂದು ಎರಡನೆಯ ಮಗುವಿನ ಸಾಲಿಗೆ ಪಾಸ್ ಎಂದು ಬರೆದು ಮುಚ್ಚಿದಳು. ಪಟ್ಟಿಯಲ್ಲಿ ಕೆಂಪು ಎನ್ನುವುದೇ ಇಲ್ಲವಾಯಿತು. ಸಾಹೇಬರು ಆವತ್ತು ಮಧ್ಯಾಹ್ನ ಎಲ್ಲರಿಗೂ ಚಹಾ ತರಿಸಿದರು.

ಆವತ್ತು ಕೂಸನ್ನು ಬಾಗಿಲಲ್ಲೇ ತಂಗಿಯ ಅತ್ತೆಯ ಕೈಗಿಟ್ಟು ತಿರುಗಿದ್ದವಳು, ಮಾರನೆಯ ಸಂಜೆ ಹೋಗಿ ನೋಡಿದಳು. ನೀಲಿ ಬಟ್ಟೆಯ ಕೂಸಿನ ಎಡಗಿವಿಯ ಹಿಂದೆ ಎಳ್ಳುಕಾಳು ಇತ್ತು.

ಬಾಯಿ ಬಿಡಬೇಕಿದ್ದುದು ಆಗ. ಬಿಟ್ಟಿದ್ದರೆ ಒಂದು ಬೈಗುಳ, ಒಂದು ಮರುಪರೀಕ್ಷೆ, ಅಷ್ಟರಲ್ಲಿ ಮುಗಿಯುತ್ತಿತ್ತು. ಅವಳು ಯಾರಿಗೂ ಹೇಳದೆ ಹಳದಿ ಬಟ್ಟೆಯನ್ನು ಚಿಕ್ಕಿಗೂ ನೀಲಿಯನ್ನು ಅಕ್ಕನಿಗೂ ಸುತ್ತಿ, ಚಿಕ್ಕಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಕಿವಿಯ ಹತ್ತಿರ ಕೈ ತಂದು, ಫಟ್ಟನೆ ಚಪ್ಪಾಳೆ ತಟ್ಟಿದಳು. ಕೂಸು ಕಣ್ಣು ಪಿಳುಕಿಸಿ ಕತ್ತು ಹೊರಳಿಸಿತು. ತಂಗಿ ನಕ್ಕಳು, ತಂಗಿಯ ಅತ್ತೆ ನಕ್ಕರು, ಅವಳೂ ನಕ್ಕಳು. ಊರಿಗೆಲ್ಲ ಬುದ್ಧಿ ಹೇಳುವವಳು ತನಗೆ ಬೇಕಾದ ಉತ್ತರವನ್ನು ಆ ಒಂದು ಚಪ್ಪಾಳೆಯಿಂದ ಪಡೆದುಕೊಂಡು, ಆ ರಾತ್ರಿ ಚೆನ್ನಾಗಿಯೇ ನಿದ್ದೆ ಮಾಡಿದಳು.

ದಿನ ಹೋಯಿತು, ತಿಂಗಳು ಹೋಯಿತು. ದೊಡ್ಡವಳು ಹತ್ತು ತಿಂಗಳಿಗೇ ಅಮ್ಮ ಎಂದಳು, ಒಂದೂವರೆ ವರ್ಷಕ್ಕೆ ಬೀದಿಯಲ್ಲಿ ಹೋಗುವವರನ್ನೆಲ್ಲ ಕೂಗಿ ಕರೆದಳು. ಅವಳಿಗೆ ಗಿಣಿ ಎಂಬ ಹೆಸರು ಬಿತ್ತು. ಚಿಕ್ಕಿ ಮಾತಾಡಲಿಲ್ಲ. ಬೇಕಾದ್ದನ್ನು ಕೈ ಹಿಡಿದು ಎಳೆದು ತೋರಿಸುತ್ತಿದ್ದಳು, ಕೊಡದಿದ್ದರೆ ನೆಲಕ್ಕೆ ಬಿದ್ದು ಒದ್ದಾಡುತ್ತಿದ್ದಳು. ಮೊಂಡಿ ಎಂದರು. ಅವಳಿಗಳಲ್ಲಿ ಹಾಗೆಯೇ, ಒಂದು ಮುಂದೆ ಒಂದು ಹಿಂದೆ ಎಂದರು.

“ಇಬ್ಬರ ಪಾಲಿನ ಮಾತೂ ಗಿಣೀನೇ ಆಡಿ ಮುಗಿಸ್ತಾಳೆ, ಪಾಪ ಇವಳಿಗೇನು ಉಳಿಯುತ್ತೆ?” ಎಂದು ತಂಗಿಯ ಗಂಡ ತಮಾಷೆ ಮಾಡುತ್ತಿದ್ದ.

ತಂಗಿಗೆ ಮಾತ್ರ ಒಳಗೊಳಗೇ ಹುಳ ಕೊರೆಯುತ್ತಿತ್ತು. “ಅಕ್ಕಾ, ಇವಳ ಕಿವಿ ಒಂದ್ಸಲ ಮತ್ತೆ ನೋಡ್ಸೋಣ್ವಾ?” ಎಂದು ಕೇಳಿಯೂ ಇದ್ದಳು. ಕೇಳಿದಾಗಲೆಲ್ಲ ಗಂಡ, “ನಿಮ್ಮಕ್ಕ ಆ ಕೆಲಸದಲ್ಲೇ ಇರೋರು. ಪಾಸ್ ಅಂದ್ಮೇಲೆ ಮುಗೀತು,” ಎನ್ನುತ್ತಿದ್ದ. ಕಿವಿಯಕ್ಕ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. “ಇನ್ನೊಂದೆರಡು ತಿಂಗಳು ನೋಡೋಣ,” ಎಂದಳು. ಹಾಗೆ ಎರಡೆರಡೇ ತಿಂಗಳಾಗಿ ಎರಡು ವರ್ಷ ಕಳೆಯಿತು.

ಒಂದು ಭಾನುವಾರ ಅಡುಗೆಮನೆಯ ಅಟ್ಟದಿಂದ ಸ್ಟೀಲ್ ಡಬ್ಬಿಗಳ ಸಾಲೇ ಉರುಳಿ ನೆಲಕ್ಕೆ ಬಿತ್ತು. ಪಕ್ಕದ ಮನೆಯವರು ಕಿಟಕಿಗೆ ಬಂದರು. ಗಿಣಿ ಕಿರುಚಿ ಅಮ್ಮನ ಕಾಲು ಕಟ್ಟಿಕೊಂಡಳು. ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದ ಚಿಕ್ಕಿ, ಬಟ್ಟೆಗೆ ಹಾಕುವ ಕ್ಲಿಪ್ಪುಗಳನ್ನು ಒಂದರ ಬಾಯಿಗೆ ಒಂದು ಕಚ್ಚಿಸಿ ರೈಲು ಮಾಡುತ್ತಿದ್ದವಳು, ಇನ್ನೊಂದು ಕ್ಲಿಪ್ಪಿಗೆ ಕೈಹಾಕಿದಳು. ಅಷ್ಟೇ. ಭುಜ ಕೂಡ ಅಲುಗಲಿಲ್ಲ.

ತಂಗಿ ಚಿಕ್ಕಿಯನ್ನೇ ನೋಡಿದಳು. ಆಮೇಲೆ ಅಕ್ಕನನ್ನು ನೋಡಿದಳು. ಮಾರನೆಯ ಬೆಳಿಗ್ಗೆ ಇಬ್ಬರೂ ಸೇರಿ ಮಗುವನ್ನು ದೊಡ್ಡ ಪರೀಕ್ಷೆಗೆ ಕರೆದೊಯ್ದರು.

ವೈದ್ಯೆ ಕಾಗದವನ್ನು ಎರಡು ಸಲ ತಿರುವಿ ನೋಡಿದರು. “ಎರಡೂ ಕಿವಿ ಪೂರ್ತಿ ಕೇಳ್ಸಲ್ಲ. ಹೊರಗೆ ಹಾಕೋ ಯಂತ್ರದಿಂದ ಪ್ರಯೋಜನ ಇಲ್ಲ, ಒಳಗೇ ಕೂರಿಸ್ಬೇಕು, ಶಸ್ತ್ರಚಿಕಿತ್ಸೆ. ಮೂರು ವರ್ಷದೊಳಗೆ ಆದ್ರೆ ಮಾತಿಗೆ ಆಸೆ ಇಟ್ಕೋಬಹುದು. ಆಮೇಲೆ ಆದ್ರೆ ಸದ್ದು ಕೇಳುತ್ತೆ, ಮಾತು ಕಷ್ಟ.” ಚಿಕ್ಕಿಗೆ ಆಗ ಎರಡು ವರ್ಷ ಐದು ತಿಂಗಳು. “ಹುಟ್ಟಿದಾಗಲೇ ಹೀಗಿದ್ರೆ ಶಸ್ತ್ರಚಿಕಿತ್ಸೆ ಸಾಲಲ್ಲಿ ನಿಮ್ಮ ಜಾಗ ಹುಟ್ಟಿದ ತಾರೀಖಿಂದ ಸಿಗುತ್ತೆ. ಮೂರ್ನಾಲ್ಕು ತಿಂಗಳಲ್ಲಿ ಕರೀತಾರೆ. ಆದ್ರೆ ಇಲ್ಲಿ ಆರನೇ ವಾರಕ್ಕೆ ಪಾಸ್ ಅಂತಿದ್ಯಲ್ಲ? ಹಂಗಾದ್ರೆ ಆಮೇಲೆ ಬಂದಿರೋ ಕಿವುಡು. ಅವರದು ಬೇರೆ ಸಾಲು. ಒಂದೂವರೆ ವರ್ಷ ಆಗುತ್ತೆ.”

ತಂಗಿ ಬೆರಳಲ್ಲಿ ತಿಂಗಳು ಎಣಿಸಿದಳು. ಎಣಿಸಿ ಮುಗಿಸಲಿಲ್ಲ, ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಕಿವಿಯಕ್ಕ ಸೀದಾ ಮಹಡಿಯ ಮೇಲಿನ ಸಾಹೇಬರ ಕೋಣೆಗೆ ಹೋದಳು. ಮುಚ್ಚಿದ ಸಾಲನ್ನು ತೆರೆಯಬೇಕಾದರೆ ಒಂದು ಅರ್ಜಿ ಬೇಕು. ಕಾರಣ ಬರೆದು, ಮೇಲಧಿಕಾರಿಯ ಸಹಿಯೂ ತಾಯಿಯ ಸಹಿಯೂ ಬೀಳಬೇಕು. ನೂರಕ್ಕೆನೂರು ಸಾಹೇಬರು ಕಾರಣದ ಜಾಗವನ್ನು ಓದಿ ಕನ್ನಡಕ ತೆಗೆದಿಟ್ಟರು.

“ಮುಚ್ಚಿದ ಸಾಲು ತೆಗೆಯೋದು ಅಂದ್ರೆ ಹೂತ ಹೆಣ ಕೀಳ್ದಂಗೆ ಕಣಮ್ಮ. ವಾಸನೆ ಎಲ್ಲರ ಮೂಗಿಗೂ ಬಡಿಯುತ್ತೆ. ಆಮೇಲೆ ಬಂದದ್ದು ಅಂತ ಬರ್ದುಬಿಡು. ಯಾರ ತಪ್ಪೂ ಇರಲ್ಲ, ದೇವರ ತಪ್ಪು.”

“ಹಂಗೆ ಬರೆದ್ರೆ ಮಗು ಒಂದೂವರೆ ವರ್ಷ ಕಾಯ್ಬೇಕು ಸಾರ್. ಆಗ ಅದಕ್ಕೆ ನಾಲ್ಕು ವರ್ಷ.”

“ಎಲ್ಲಾ ಮಕ್ಕಳೂ ಕಾಯ್ತಾವೆ.”

“ಎಲ್ಲಾ ಮಕ್ಕಳ ಸಾಲಿಗೂ ನಾನು ಸುಳ್ಳು ಪಾಸ್ ಬರೆದಿಲ್ಲ ಸಾರ್.”

ಸಾಹೇಬರು ಮುಗುಳ್ನಕ್ಕರು. “ಬರೆದಿಲ್ಲ ಸರಿ. ಮುಚ್ಚಿದ್ದು? ತಿಂಗಳ ಕೊನೇ ದಿನ ಮಧ್ಯಾಹ್ನ ಹತ್ತತ್ತು ನಿಮಿಷಕ್ಕೆ ಮೂರು ಫೋನ್ ಮಾಡಿ, ಯಾರೂ ಎತ್ತಲಿಲ್ಲ ಅಂತ ಮುಚ್ಚಿದ್ದೆಷ್ಟು? ಆ ಮಕ್ಕಳೆಲ್ಲ ಇವತ್ತು ಮಾತಾಡ್ತಾವಾ? ಗೊತ್ತಾ ನಿಂಗೆ? ಸ್ವಂತದ್ದಾದಾಗ ಮಾತ್ರ ಕಣ್ಣೀರು ಬರುತ್ತೆ.”

ಬೂದಿ ಬಣ್ಣದ ಆ ಸಾಲುಗಳನ್ನು ಯಾರ ಮಾತಿಗೆ ಮುಚ್ಚಿದ್ದೋ, ಮುಚ್ಚಿದ ಬೆರಳಂತೂ ಅವಳದೇ.

“ಸಹಿ ಹಾಕದಿದ್ರೆ ನಾನೇ ಮೇಲಿನವರಿಗೆ ಬರೀತೀನಿ,” ಎಂದಳು ಕೊನೆಗೆ.

ಅವರು ಪೆನ್ನಿನ ಮುಚ್ಚಳ ತೆಗೆದರು. “ಬೇಡ. ಹಾಕ್ತೀನಿ. ಆದ್ರೆ ತಿಂಗಳ ಕೊನೆ, ಆತುರ, ಒತ್ತಡ ಅಂತೆಲ್ಲ ಬರೆದಿದ್ಯಲ್ಲ, ಅದನ್ನ ಹೊಡೆದುಹಾಕು. ಮಗುವಿನ ದೊಡ್ಡಮ್ಮ ತಪ್ಪು ಮಗು ತಂದ್ಲು. ಅಷ್ಟು ಸಾಕು. ನಿನ್ನ ಕೆಲಸಕ್ಕೇನೂ ಧಕ್ಕೆ ಇಲ್ಲ, ಹೆದರ್ಬೇಡ. ಇಷ್ಟು ಚೆನ್ನಾಗಿ ಫೋನ್ ಮಾಡೋರು ನಂಗಾದ್ರೂ ಎಲ್ಲಿ ಸಿಗ್ತಾರೆ?”

ಹೊಡೆದುಹಾಕಿದಳು. ಚಿಕ್ಕಿಯ ಜಾಗಕ್ಕೆ ಹೋಲಿಸಿದರೆ ಆ ಎರಡು ಗೆರೆ ಏನೂ ಅಲ್ಲ ಎಂದುಕೊಂಡಳು.

ಉಳಿದದ್ದು ತಾಯಿಯ ಸಹಿ.

ದಾರಿಯುದ್ದಕ್ಕೂ ಮಾತು ಹೆಣೆದಳು. ಈಗಷ್ಟೇ ಹಳೆಯ ಕಾಗದ ನೋಡುವಾಗ ಅನುಮಾನ ಬಂತು ಎನ್ನಬಹುದು. ಅರ್ಜಿಯಲ್ಲಿ ತಪ್ಪು ಮಗು ಎಂದಿದೆಯೇ ಹೊರತು, ತಪ್ಪು ಯಾವಾಗ ತಿಳಿಯಿತು ಎಂದಿಲ್ಲ. ಬಟ್ಟೆ ಬದಲಾಗಿತ್ತು ಎನ್ನಬಹುದು, ಅದು ನಿಜವೂ ಹೌದು. ಅರ್ಧ ನಿಜದಷ್ಟು ಮೆತ್ತನೆಯ ಹಾಸಿಗೆ ಇನ್ನೊಂದಿಲ್ಲ.

ತಂಗಿ ಮಂಚದ ಮೇಲೆ ಮಕ್ಕಳ ಬಟ್ಟೆ ಮಡಿಸುತ್ತಿದ್ದಳು. ಅವಳ ಅತ್ತೆ ಪಕ್ಕದಲ್ಲಿ ಕೂತು ಕಾಲುಚೀಲಗಳ ಜೋಡಿ ಹುಡುಕುತ್ತಿದ್ದರು. “ದೊಡ್ಡಮ್ಮ ಬಂದ್ಲು, ದೊಡ್ಡಮ್ಮ ಬಂದ್ಲು!” ಎಂದು ಗಿಣಿ ಮನೆಗೆಲ್ಲ ಸಾರಿದಳು. ಚಿಕ್ಕಿ ಅದನ್ನು ಕೇಳಲಿಲ್ಲ. ನೆಲದ ಮೇಲೆ ಬಿದ್ದ ನೆರಳು ಕಂಡು ತಲೆಯೆತ್ತಿ, ಓಡಿ ಬಂದು ದೊಡ್ಡಮ್ಮನ ಮೊಣಕಾಲಿಗೆ ಮುಖ ಒತ್ತಿದಳು.

ತಂಗಿ ಅರ್ಜಿ ಓದಿದಳು. ಮತ್ತೆ ಮೊದಲಿನಿಂದ ಓದಿದಳು.

“ಅವತ್ತು ನೀನು ಎತ್ಕೊಂಡು ಹೋಗಿದ್ದು ಗಿಣೀನಾ?”

“ಹೂಂ. ಹಳದಿ ಬಟ್ಟೆ ಅವಳಿಗೆ ಸುತ್ತಿದ್ರು.”

“ಅಯ್ಯೋ, ಬಟ್ಟೆ ಸುತ್ತಿದ್ದು ನಾನೇ ಅಲ್ವೇನೇ!” ಎಂದು ಅತ್ತೆ ಕಾಲುಚೀಲ ಕೈಬಿಟ್ಟರು. “ನನ್ನ ಕೈಗೆ ಬೆಂಕಿ ಬೀಳ!”

ತಂಗಿ ಅತ್ತೆಯ ಕಡೆ ತಿರುಗಲಿಲ್ಲ. “ನಿಂಗೆ ಯಾವಾಗ ಗೊತ್ತಾಯ್ತು ಅಕ್ಕ?”

ಹೆಣೆದಿದ್ದ ಮಾತೆಲ್ಲ ನಾಲಿಗೆಯ ತುದಿಯಲ್ಲಿತ್ತು. ಚಿಕ್ಕಿ ಕತ್ತೆತ್ತಿ ಅವಳ ತುಟಿಗಳನ್ನೇ ನೋಡುತ್ತಿದ್ದಳು, ತುಟಿ ಅಲುಗಿದರೆ ಏನೋ ಬರುತ್ತದೆ ಎಂದು ತಿಳಿದವಳ ಹಾಗೆ.

“ಅವತ್ತೇ,” ಎಂದಳು ಕಿವಿಯಕ್ಕ. “ಪರೀಕ್ಷೆ ಕೋಣೇಲೇ. ಕಿವಿ ಹಿಂದೆ ಮಚ್ಚೆ ಇರ್ಲಿಲ್ಲ.”

ಹೊರಗೆ ಯಾರೋ ಸೈಕಲ್ ಬೆಲ್ ಬಾರಿಸಿಕೊಂಡು ಹೋದರು. ಗಿಣಿ ಕಿಟಕಿಗೆ ಓಡಿದಳು.

“ಮಾರನೇ ದಿನ ಬಂದು ಚಪ್ಪಾಳೆ ತಟ್ಟಿದ್ಯಲ್ಲ, ಆವಾಗ?”

“ಗೊತ್ತಿತ್ತು.”

“ನಾವೆಲ್ಲ ನಕ್ಕಿದ್ವಿ.”

“ಹೂಂ.”

“ಹೋದ ವರ್ಷ ಕೇಳ್ದೆ, ಮತ್ತೆ ನೋಡ್ಸೋಣ್ವಾ ಅಂತ. ನೋಡೋಣ ಅಂದೆ.”

“ಹೆದರಿಕೆ ಆಯ್ತು ಕಣೇ. ಇನ್ನೂ ಸಮಯ ಇದೆ ಅನ್ಕೊಂಡೆ... ಕೇಳ್ಸುತ್ತೇನೋ ಅಂತಾನೂ ಅನ್ಕೊಂಡೆ.”

“ಹೋಗ್ಲಿ ಬಿಡೇ,” ಎಂದರು ಅತ್ತೆ ಮೂಗು ಒರೆಸಿಕೊಳ್ಳುತ್ತಾ. “ಆದದ್ದಾಗಿಹೋಯ್ತು. ತಪ್ಪು ನಂದೂ ಇದೆ.”

“ನಿಮಗೆ ಗೊತ್ತಿರ್ಲಿಲ್ಲ ಅತ್ತೆ,” ಎಂದಳು ತಂಗಿ. ದನಿ ಏರಲಿಲ್ಲ. “ಅವಳಿಗೆ ಗೊತ್ತಿತ್ತು.”

ಪೆನ್ನು ತೆಗೆದುಕೊಂಡು ಸಹಿ ಹಾಕಿದಳು. ಕಾಗದವನ್ನು ಮಡಿಸಿ ಅಕ್ಕನ ಕೈಗೆ ಕೊಡದೆ ಮಂಚದ ತುದಿಗಿಟ್ಟಳು. ಅಕ್ಕನ ಮೊಣಕಾಲಿಗೆ ಅಂಟಿಕೊಂಡಿದ್ದ ಚಿಕ್ಕಿಯ ರಟ್ಟೆ ಹಿಡಿದು ಎಳೆದು ಎತ್ತಿಕೊಂಡಳು. ಚಿಕ್ಕಿ ಗಂಟಲಿನಿಂದ ಒಂದು ಒರಟು ಸದ್ದು ಹೊರಡಿಸಿ ಒದ್ದಾಡಿದಳು.

“ಇನ್ಮೇಲೆ ಎಲ್ಲಿಗೇ ಆದ್ರೂ ಇವಳನ್ನ ನಾನೇ ಕರ್ಕೊಂಡು ಹೋಗ್ತೀನಿ. ಯಾವತ್ತು, ಎಷ್ಟು ಗಂಟೆಗೆ, ಯಾವ ಕೋಣೆ ಅಂತ ಫೋನ್ ಮಾಡಿ ಹೇಳು. ಅದು ನಿನ್ನ ಕೆಲಸ ತಾನೆ, ಎಲ್ಲರಿಗೂ ಹೇಳೋ ಹಂಗೆ ನಂಗೂ ಹೇಳು. ಮನೆಗೆ ಬರ್ಬೇಡ.”

“ನನ್ನ ಮಾತು ಒಂದು...”

“ಎರಡು ವರ್ಷ ಇತ್ತಲ್ಲ ಅಕ್ಕ, ಮಾತಾಡೋಕೆ.”

ಅರ್ಜಿ ಹೋಯಿತು. ಸಾಲು ತೆರೆಯಿತು. ಹುಟ್ಟಿದ ತಾರೀಖಿನ ಜಾಗ ಚಿಕ್ಕಿಗೆ ಸಿಕ್ಕಿತು. ಎರಡು ವರ್ಷ ಒಂಬತ್ತು ತಿಂಗಳಿಗೆ ಶಸ್ತ್ರಚಿಕಿತ್ಸೆಯಾಯಿತು, ಒಂದು ತಿಂಗಳ ಮೇಲೆ ಯಂತ್ರ ಚಾಲೂ ಮಾಡಿದರು. ಮೊದಲ ಸದ್ದು ಕಿವಿಗೆ ಬಿದ್ದಾಗ ಚಿಕ್ಕಿ ನಕ್ಕಳೋ, ಬೆಚ್ಚಿ ಅತ್ತಳೋ, ಯಾರ ಕಡೆ ತಿರುಗಿದಳೋ, ಕಿವಿಯಕ್ಕನಿಗೆ ಗೊತ್ತಾಗಲಿಲ್ಲ. ಎರಡು ಮಹಡಿ ಮೇಲೆ ಕಿವಿ ವಿಭಾಗದ ಕೋಣೆಯಲ್ಲಿ ಅದು ನಡೆಯುತ್ತಿದ್ದಾಗ ಅವಳು ಮೆಟ್ಟಿಲ ಕೆಳಗೆ ಇನ್ಯಾವುದೋ ತಾಯಿಗೆ ಬಸ್ಸಿನ ದಾರಿ ಹೇಳುತ್ತಿದ್ದಳು. ಸಂಜೆ ಪಟ್ಟಿಯಲ್ಲಿ ಓದಿಕೊಂಡಳು. ಯಂತ್ರ ಚಾಲೂ. ಪ್ರತಿಕ್ರಿಯೆ ಇದೆ.

ಈಗ ವಾರಕ್ಕೊಮ್ಮೆ ಮಾತಿನ ತರಬೇತಿ. ಸೋಮವಾರ ಹತ್ತೂವರೆಗೆ ಕಿವಿಯಕ್ಕ ಆ ನಂಬರು ಒತ್ತುತ್ತಾಳೆ.

“ಗುರುವಾರ ಹನ್ನೊಂದು ಗಂಟೆಗೆ. ಮೂರನೇ ಕೋಣೆ. ಬ್ಯಾಟರಿ ತುಂಬಿಸ್ಕೊಂಡು ಬರ್ಬೇಕು.”

“ಸರಿ.”

ಅಷ್ಟೇ. ಒಂದು ಸಲವೂ ತಂಗಿ ಫೋನು ಎತ್ತದೆ ಇರಲಿಲ್ಲ, ಒಂದು ಗುರುವಾರವೂ ತಪ್ಪಿಸಲಿಲ್ಲ. ಪಟ್ಟಿಯಲ್ಲಿ ಅಷ್ಟು ಚೊಕ್ಕ ಸಾಲು ಇನ್ನೊಂದಿಲ್ಲ. ಮೇಲಿನವರು ಬಂದಾಗ ನೂರಕ್ಕೆನೂರು ಸಾಹೇಬರು ಅದನ್ನೇ ತೆರೆದು ತೋರಿಸುತ್ತಾರೆ.

ಒಂದು ಸೋಮವಾರ ತಂಗಿ ಸರಿ ಎನ್ನುವ ಮುಂಚೆ ಹಿಂದಿನಿಂದ ಒಂದು ದನಿ ಕೇಳಿಸಿತು. ಗಿಣಿಯ ದನಿಯಲ್ಲ. ಕಬ್ಬಿಣಕ್ಕೆ ಅರ ಉಜ್ಜಿದ ಹಾಗೆ ಒರಟು ದನಿ, ಒಂದೇ ಸದ್ದನ್ನು ಮತ್ತೆ ಮತ್ತೆ ಹಿಡಿದು ಎಳೆಯುತ್ತಿತ್ತು. ಮ... ಮ್ಮ... ಮ.

“ಅದು ಚಿಕ್ಕಿನಾ?” ಎಂದುಬಿಟ್ಟಳು ಕಿವಿಯಕ್ಕ.

ಆ ಕಡೆ ದನಿ ದೂರವಾಯಿತು, ಬಾಗಿಲು ಮುಚ್ಚಿದ ಸದ್ದಾಯಿತು.

“ಇನ್ನೇನಾದ್ರೂ ಹೇಳೋದಿದ್ಯಾ?” ಎಂದಳು ತಂಗಿ.

“ಇಲ್ಲ. ಗುರುವಾರ, ಹನ್ನೊಂದು ಗಂಟೆ.”

“ಸರಿ.”

ಫೋನು ಇಟ್ಟು ಕಿವಿಯಕ್ಕ ಆ ವಾರದ ಜಾಗದಲ್ಲಿ ಬರೆಯಬೇಕಾದ್ದನ್ನು ಬರೆದಳು: ತಾಯಿ ಸಂಪರ್ಕದಲ್ಲಿದ್ದಾರೆ. ಆಮೇಲೆ ಮುಂದಿನ ಸಾಲಿಗೆ ಬಂದು, ಅಲ್ಲಿದ್ದ ನಂಬರು ಒತ್ತಿದಳು.